ಮೆಟ್ಟಿಲಿಲ್ಲದ ಜೋಂಗಾ

ನಮ್ಮ ಮನೆಯ ಜೋಂಗಾಕ್ಕೆ ಮೂರು ಹಾರನ್‌ಗಳಿದ್ದವು. ಒಂದು ಗಾಡಿಯ ಜೊತೆಗೇ ಬಂದದ್ದು, ಇನ್ನೊಂದು ಯಾವುದೋ ಹಳೆಯ ಬಸ್ಸಿನಿಂದ ಬಿಚ್ಚಿ ತಂದದ್ದು, ಮತ್ತೊಂದು ರಬ್ಬರ್ ಬುರುಡೆ ಹಿಚುಕಿದರೆ ಕೂಗುವ ಹಿತ್ತಾಳೆಯದು. ನಮ್ಮ ಎಸ್ಟೇಟಿನ ರಸ್ತೆಯಲ್ಲಿ ಹಾರನ್ ಕೇಳಿ ಪಕ್ಕಕ್ಕೆ ಸರಿಯಬೇಕಾದವರು ಯಾರೂ ಇರಲಿಲ್ಲ. ಇದ್ದ ನಾಲ್ಕಾರು ದನಗಳು ಮೂರಕ್ಕೂ ಕ್ಯಾರೇ ಅನ್ನುತ್ತಿರಲಿಲ್ಲ. ಆದರೂ ನಮ್ಮ ಯಜಮಾನರು ಗೇಟಿನಿಂದ ಮನೆಯವರೆಗೆ ಮೂರನ್ನೂ ಸರದಿಯ ಮೇಲೆ ಬಾರಿಸಿಕೊಂಡು ಬರುತ್ತಿದ್ದರು.

ಜೋಂಗಾ ನೋಡದವರಿಗೆ ಹೇಳಿಬಿಡುತ್ತೇನೆ. ಸೈನ್ಯದವರು ಓಡಿಸಿ ಸಾಕಾಗಿ ಹರಾಜಿಗೆ ಹಾಕುತ್ತಿದ್ದ ದೊಡ್ಡ ಜೀಪು ಅದು. ಸಾಮಾನ್ಯ ಜೀಪಿಗಿಂತ ಉದ್ದ ಹೆಚ್ಚು, ಅಗಲ ಹೆಚ್ಚು, ಎತ್ತರ ಹೆಚ್ಚು, ಹಸಿವು ಇನ್ನೂ ಹೆಚ್ಚು. ಎಂಬತ್ತರ ದಶಕದಲ್ಲಿ ನಮ್ಮ ಮೂಡಿಗೆರೆ ಕಡೆಯ ಪ್ಲಾಂಟರುಗಳಿಗೆ ಈ ಹರಾಜಿನ ಗಾಡಿಗಳ ಗೀಳು ಹತ್ತಿತ್ತು. ಕಾಫಿ ಬೆಳೆಯುವವನಿಗೆ ಯುದ್ಧದ ಗಾಡಿ ಯಾಕೆ ಬೇಕು ಎಂದು ಕೇಳಿದರೆ, ನಮ್ಮ ರಸ್ತೆ ನೋಡಿದ್ದೀಯಾ ಎನ್ನುತ್ತಿದ್ದರು. ರಸ್ತೆ ನಾನೂ ನೋಡಿದ್ದೆ. ಅದೇ ರಸ್ತೆಯಲ್ಲಿ ನಮ್ಮ ಮಾವನವರು ಒಂದು ಪುಟ್ಟ ಕಪ್ಪು ಕಾರನ್ನು ಇಡೀ ಜೀವಮಾನ ಓಡಿಸಿದ್ದರು.

ನಮ್ಮ ಗಾಡಿಯ ಮಡ್‌ಗಾರ್ಡಿನಲ್ಲಿ ಒಂದು ತೂತಿತ್ತು. ಅದು ಗಡಿಯಲ್ಲಿ ಗುಂಡು ಬಿದ್ದದ್ದು ಎಂದು ಯಜಮಾನರು ಬಂದವರಿಗೆಲ್ಲ ಬೆರಳು ತೂರಿಸಿ ತೋರಿಸುತ್ತಿದ್ದರು. ಅದು ತುಕ್ಕು ತಿಂದ ತೂತು. ನಮ್ಮ ಬಚ್ಚಲಿನ ಬಕೆಟ್ಟಿಗೂ ಅಂಥದ್ದೇ ಗುಂಡು ಬಿದ್ದಿತ್ತು.

ತಂದ ಮೇಲೆ ಗಾಡಿಯನ್ನು ಹಾಗೇ ಬಿಡುವ ಪೈಕಿಯಲ್ಲ ಇವರು. ಮೂಡಿಗೆರೆಯಲ್ಲಿ ಒಬ್ಬರು ಮೆಕ್ಯಾನಿಕ್ ಸಾಬರಿದ್ದರು. ಕೈಗುಣ ಒಳ್ಳೆಯದು, ಆದರೆ ಅವರಿಗೂ ಇವರಷ್ಟೇ ಹುಚ್ಚು. ಇಬ್ಬರಲ್ಲಿ ಯಾರು ಯಾರನ್ನು ಕೆಡಿಸಿದರು ಎಂದು ಇವತ್ತಿಗೂ ಹೇಳಲಾರೆ. ಮೊದಲು ಪೆಟ್ರೋಲ್ ಇಂಜಿನ್ ಕಿತ್ತು ಯಾವುದೋ ಟೆಂಪೋದ ಡೀಸೆಲ್ ಇಂಜಿನ್ ಕೂರಿಸಿದರು. ಅಲ್ಲಿಯವರೆಗೆ ಪೆಟ್ರೋಲ್ ಕುಡಿಯುತ್ತಿದ್ದ ಗಾಡಿ ಆಮೇಲೆ ನಮ್ಮ ಕಿವಿ ತಿನ್ನತೊಡಗಿತು. ಹೊಗೆ ಬಿಡುವ ಪೈಪನ್ನು ಹಿಂದಿನಿಂದ ತೆಗೆದು ನೆತ್ತಿಯ ಮೇಲಕ್ಕೆ ಏರಿಸಿದರು, ಹಳ್ಳ ದಾಟುವಾಗ ನೀರು ಹೋಗಬಾರದಂತೆ. ನಮ್ಮ ದಾರಿಯಲ್ಲಿದ್ದ ಒಂದೇ ಹಳ್ಳಕ್ಕೆ ನನ್ನ ಮದುವೆಗೆ ಮುಂಚೆಯೇ ಸೇತುವೆ ಕಟ್ಟಿ ಆಗಿತ್ತು. ಸ್ಟೇರಿಂಗಿನ ಮುಂದೆ ಬೀಟೆ ಮರದ ಹಲಗೆ ಹೊಡೆಸಿ ಅದರ ತುಂಬ ಸ್ವಿಚ್ಚುಗಳನ್ನು ಜೋಡಿಸಿದರು. ಅವುಗಳಲ್ಲಿ ಎರಡು ಕೆಲಸ ಮಾಡುತ್ತಿದ್ದವು. ಉಳಿದವು ಯಾಕೆ ಎಂದು ಕೇಳಿದ್ದಕ್ಕೆ, "ಮುಂದೆ ಬೇಕಾಗ್ತದೆ ಮಾರಾಯ್ತಿ" ಎಂದರು. ಕೊನೆಗೆ ಲಾರಿಯ ಟೈರು ಹಾಕಿಸಿ, ಸ್ಪ್ರಿಂಗಿನ ಕಮಾನು ಪಟ್ಟಿಗಳನ್ನು ಹೆಚ್ಚಿಸಿ, ಮೊದಲೇ ಎತ್ತರವಿದ್ದ ಗಾಡಿಯನ್ನು ಇನ್ನಷ್ಟು ಎತ್ತರ ಮಾಡಿದರು.

ಈ ಎತ್ತರಕ್ಕೆ ಕಾರಣ ಬಣಕಲ್‌ನಲ್ಲಿದ್ದ ಇವರ ಗೆಳೆಯರು. ಅವರ ಬಳಿ ಇದ್ದದ್ದು ಒನ್ ಟನ್, ಅಂದರೆ ಜೋಂಗಾಕ್ಕೆ ಅಣ್ಣನ ಹಾಗಿದ್ದ ಸೈನ್ಯದ ಸಣ್ಣ ಲಾರಿ. ಅವರು ಅದರ ಹಿಂಭಾಗಕ್ಕೆ ಮನೆಯ ಸೋಫಾ ಸೆಟ್ಟನ್ನೇ ಬೋಲ್ಟ್ ಹಾಕಿ ಕೂರಿಸಿ, ಮೇಲೆ ಫ್ಯಾನು ತೂಗುಹಾಕಿ, ಕಿಟಕಿಗೆ ಹೂವಿನ ಪರದೆ ಬಿಟ್ಟಿದ್ದರು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಎರಡು ಗಾಡಿಗಳೂ ನಮ್ಮ ಅಂಗಳದಲ್ಲಿ ಮುಖಾಮುಖಿ ನಿಲ್ಲುತ್ತಿದ್ದವು. ಯಾವುದು ಎಷ್ಟು ಎಳೆಯುತ್ತದೆ, ಯಾವುದು ಎಂಥ ಕೆಸರಿನಿಂದ ಎದ್ದು ಬರುತ್ತದೆ ಎಂಬ ವಾದ ಮುಗಿದ ಮೇಲೆ ಗ್ರೌಂಡ್ ಕ್ಲಿಯರೆನ್ಸಿಗೆ ಬರುತ್ತಿದ್ದರು. ಗಾಡಿಯ ಹೊಟ್ಟೆಗೂ ನೆಲಕ್ಕೂ ನಡುವೆ ಎಷ್ಟು ಜಾಗ ಇದೆ ಎಂಬುದು ಅವರ ಪಾಲಿಗೆ ಗಂಡಸುತನದ ಅಳತೆ. ಇಬ್ಬರು ಗೌರವಸ್ಥ ಪ್ಲಾಂಟರುಗಳು ಬಡಗಿಯ ಟೇಪು ಹಿಡಿದು ಗಾಡಿಗಳ ಕೆಳಗೆ ಅಂಗಾತ ಮಲಗಿ ಅರ್ಧ ಇಂಚಿಗಾಗಿ ಕಿತ್ತಾಡುತ್ತಿದ್ದರು. ಜಗಲಿಯಿಂದ ನಮಗೆ ಕಾಣುತ್ತಿದ್ದದ್ದು ನಾಲ್ಕು ಪಾದ ಮಾತ್ರ. ನಮ್ಮತ್ತೆ ಒಮ್ಮೆ ಅದನ್ನು ನೋಡಿ, "ಇವರಿಗೆ ಕಾಫಿ ಅಲ್ಲೇ ತಳ್ಳಿಬಿಡು" ಎಂದಿದ್ದರು.

ಅತ್ತೆ ಅಷ್ಟೇ ಹೇಳಿದ್ದು. ಈ ಎತ್ತರದಿಂದ ನಿಜವಾಗಿ ತೊಂದರೆಯಾಗಿದ್ದು ಅವರಿಗೆ ಎಂಬುದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅತ್ತೆಗೆ ಕಳಸದಲ್ಲಿ ಒಬ್ಬಳೇ ತಂಗಿ. ನಾನು ಎಪ್ಪತ್ತರ ದಶಕದಲ್ಲಿ ಸೊಸೆಯಾಗಿ ಬಂದಾಗ ಆ ಪುಟ್ಟ ಕಪ್ಪು ಕಾರು ಇನ್ನೂ ಇತ್ತು. ಕಾಫಿ ಕೊಯ್ಲು ಮುಗಿದ ಕೂಡಲೇ ಅತ್ತೆ ಸೆರಗು ಸಿಕ್ಕಿಸಿ ಅದರಲ್ಲಿ ಕೂತು ತಂಗಿಯ ಮನೆಗೆ ಹೊರಟುಬಿಡುತ್ತಿದ್ದರು. ಹೋದರೆ ಹದಿನೈದು ದಿನ ಇತ್ತ ಸುಳಿಯುತ್ತಿರಲಿಲ್ಲ. ಮಾವನವರು ತೀರಿಕೊಂಡ ಮೇಲೆ ಇವರು ಆ ಕಾರನ್ನು ಮಾರಿ ಜೋಂಗಾ ತಂದರು. ತಂದ ಹೊಸತರಲ್ಲೇ ಅತ್ತೆ ಸ್ಟೂಲಿನ ಮೇಲೆ ನಿಂತು ಅದಕ್ಕೆ ಹತ್ತಲು ಹೋಗಿ, ಸ್ಟೂಲು ವಾಲಿ, ಆಳುಕಾಳುಗಳೆಲ್ಲ ನೋಡುತ್ತಿದ್ದಂತೆ ಅಂಗಳದಲ್ಲಿ ಬಿದ್ದರು. ಮೂಳೆಗೆ ಏನೂ ಆಗಲಿಲ್ಲ. ಎದ್ದು ಸೀರೆ ಕೊಡವಿಕೊಂಡು, "ಇವತ್ತು ಬೇಡ, ಇನ್ನೊಂದು ದಿನ ಹೋದ್ರಾಯ್ತು" ಎಂದು ಒಳಗೆ ಹೋದರು. ಆ ಇನ್ನೊಂದು ದಿನ ಬರಲೇ ಇಲ್ಲ. ಮಂಡಿ ನೋವು, ಬಿಸಿಲು, ಮಳೆ, ದನ ಕರು ಹಾಕುವ ಹೊತ್ತು ಎಂದು ಪ್ರತಿ ಸಲ ಒಂದು ನೆಪ ಹೇಳುತ್ತಿದ್ದರು. ವಯಸ್ಸಾಯಿತು, ತಿರುಗಾಟ ಬೇಡವಾಗಿದೆ ಎಂದು ಮಗ ತೀರ್ಮಾನಿಸಿಬಿಟ್ಟರು. ನಾನೂ ಹಾಗೇ ಅಂದುಕೊಂಡಿದ್ದೆ.

ಒಂದು ದಿನ ಗಾಡಿ ನಿಲ್ಲಿಸುವ ಶೆಡ್ಡಿನ ಕಡೆ ಹೋದೆ. ಅತ್ತೆ ಒಬ್ಬರೇ ಜೋಂಗಾದ ಪಕ್ಕ ನಿಂತು, ಕಂಬಿ ಹಿಡಿದು, ಬಲಗಾಲು ಎತ್ತುತ್ತಿದ್ದರು. ಕಾಲು ಅರ್ಧಕ್ಕೆ ಬಂದು ನಿಲ್ಲುತ್ತಿತ್ತು. ಇಳಿಸಿ ಉಸಿರು ಬಿಟ್ಟು ಮತ್ತೆ ಎತ್ತುತ್ತಿದ್ದರು. ನನ್ನನ್ನು ಕಂಡವರೇ ಕೈಬಿಟ್ಟು, "ಕೋಳಿ ಇಲ್ಲೆಲ್ಲಾದ್ರೂ ಮೊಟ್ಟೆ ಇಟ್ಟಿದ್ಯಾ ಅಂತ ನೋಡ್ತಿದ್ದೆ" ಎಂದರು.  ನನಗೆ ಯಜಮಾನರ ಮೇಲೆ ಸಿಟ್ಟು ಬಂತು.

ಆ ದಿನವೇ ಯಜಮಾನರಿಗೆ ಗಾಡಿಗೊಂದು ಮೆಟ್ಟಿಲು ಹಾಕಿಸಿ ಎಂದೆ. ಅತ್ತೆಯ ಹೆಸರು ಎತ್ತಲಿಲ್ಲ, ಅವರು ಅಷ್ಟು ಜತನದಿಂದ ಮುಚ್ಚಿಟ್ಟದ್ದನ್ನು ನಾನು ಬಯಲು ಮಾಡಬಾರದು ಎಂದು. ನನಗೇ ಹತ್ತುವುದು ಕಷ್ಟ ಎಂದೆ. ಇವರು ನಾನು ಗಾಡಿಗೆ ಬಳೆ ತೊಡಿಸಿ ಎಂದೆನೇನೋ ಎಂಬಂತೆ ನೋಡಿದರು. "ಮೆಟ್ಟಿಲು ಕೆಳಗೆ ಇಳಿಬಿದ್ರೆ ಕ್ಲಿಯರೆನ್ಸ್ ಎಲ್ಲಿ ಉಳೀತದೆ? ಬಣಕಲ್‌ನವನು ಊರಿಡೀ ಹೇಳ್ಕೊಂಡು ತಿರುಗ್ತಾನೆ." ಸಾಬರಾದರೂ ನನ್ನ ಪರ ನಿಲ್ಲುತ್ತಾರೆ ಎಂದುಕೊಂಡಿದ್ದೆ. ಅವರು ಎರಡೂ ಕಿವಿ ಮುಟ್ಟಿಕೊಂಡು, "ಮಿಲಿಟರಿ ಗಾಡಿಗೆ ಮೆಟ್ಟಿಲು ಹಾಕಿದ್ರೆ ಮದುವೆ ವ್ಯಾನ್ ಆಗೋಗ್ತದೆ ಅಮ್ಮಾವ್ರೆ" ಎಂದರು. ಬಣಕಲ್‌ನವರ ಗಾಡಿಯ ಸೋಫಾ, ಫ್ಯಾನು, ಹೂವಿನ ಪರದೆ ಯಾವ ರೆಜಿಮೆಂಟಿನವು ಎಂದು ನಾನು ಕೇಳಿದೆ. ಆದರೂ ಮೆಟ್ಟಿಲು ಬರಲಿಲ್ಲ.

ಬಸ್ಸಿಗೆ ಮೆಟ್ಟಿಲಿತ್ತು. ಆದರೆ ಬಸ್ಸು ನಿಲ್ಲುವ ಜಾವಳಿಯವರೆಗೆ ಹೋಗಲು ಜೋಂಗಾ ಹತ್ತಬೇಕಿತ್ತು. ಮೂಡಿಗೆರೆಯಿಂದ ಬಾಡಿಗೆ ಕಾರು ತರಿಸೋಣವೆಂದರೆ, ಇಂಥ ಗಾಡಿ ಮನೆಯಲ್ಲಿಟ್ಟುಕೊಂಡು ಬಾಡಿಗೆ ಕಾರಾ ಎಂದು ಇವರು ಎರಡು ದಿನ ಮುಖ ಊದಿಸಿಕೊಂಡಿದ್ದರು.

ಆ ವರ್ಷ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ ಕಳಸದಿಂದ ಸುದ್ದಿ ಬಂತು. ಚಿಕ್ಕತ್ತೆಗೆ ಹುಷಾರಿಲ್ಲ, ಅಕ್ಕನನ್ನು ನೋಡಬೇಕು ಅನ್ನುತ್ತಿದ್ದಾರೆ. ಅತ್ತೆ ಸುದ್ದಿ ಕೇಳಿ ಬಚ್ಚಲಿಗೆ ಹೋಗಿ ತುಂಬ ಹೊತ್ತು ಮುಖ ತೊಳೆದರು. ಹೊರಗೆ ಬಂದು, "ಹೋಗ್ಬೇಕು" ಎಂದರು. ಸ್ಟೂಲು ತರಲೇ ಎಂದು ಮಗ ಕೇಳಿದಾಗ ಅವರ ಮುಖ ಬಿಳಿಚಿಕೊಂಡದ್ದನ್ನು ನೋಡಿ ನನಗೆ ಒಂದು ಉಪಾಯ ಹೊಳೆಯಿತು. ಕಾಫಿ ಒಣಗಿಸುವ ಕಣದ ಒಂದು ಅಂಚು ಗೋಡೆಯಂತೆ ಎತ್ತರಕ್ಕಿತ್ತು. ಅದರ ಕೆಳಗೆ ಲಾರಿ ನಿಲ್ಲಿಸಿ ಒಣಗಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆ ತುಂಬಿಸುತ್ತಿದ್ದೆವು. ಜೋಂಗಾವನ್ನು ಹಿಮ್ಮುಖವಾಗಿ ಅಲ್ಲಿಗೆ ತಂದು ನಿಲ್ಲಿಸಿದರು. ಅತ್ತೆ ಇಸ್ತ್ರಿ ಸೀರೆಯುಟ್ಟು, ಹಣೆಗೆ ವಿಭೂತಿ ಹಚ್ಚಿ, ಕಣದ ಮೇಲಿಂದ ನೇರ ಗಾಡಿಯ ಹಿಂಭಾಗಕ್ಕೆ ನಡೆದು ಹೋಗಿ ಬೆಂಚಿನ ಮೇಲೆ ಕೂತರು. ಎಷ್ಟು ಸಲೀಸು ನೋಡು ಎಂದು ಯಜಮಾನರು ಖುಷಿಪಟ್ಟರು. ನಾನೂ ನನ್ನ ಬುದ್ಧಿಗೆ ನಾನೇ ಭೇಷ್ ಎಂದುಕೊಂಡೆ. ಹತ್ತಿಸಿದವರನ್ನು ಇಳಿಸಬೇಕು ಎಂಬುದು ಅಷ್ಟು ಜನರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ.

ನೆನಪಾದದ್ದು ಕಳಸದ ಅಂಗಳದಲ್ಲಿ. ಚಿಕ್ಕತ್ತೆ ತಮ್ಮ ಮಗನ ತೋಳು ಹಿಡಿದು ಜಗಲಿಗೆ ಬಂದು ಕೂತರು. ಅರ್ಧ ಆಗಿಹೋಗಿದ್ದರು. ಯಜಮಾನರು ಹಿಂದಿನ ಹಲಗೆ ಇಳಿಸಿ, ಚಿಕ್ಕತ್ತೆಯ ಮಗನಿಗೆ ಹೊಗೆ ಪೈಪು ತೋರಿಸಲು ಗಾಡಿಯ ಮುಂದಕ್ಕೆ ಕರೆದುಕೊಂಡು ಹೋದರು. ಅತ್ತೆ ಅಂಚಿನವರೆಗೆ ಬಂದು ಕೆಳಗೆ ನೋಡಿ ಮತ್ತೆ ಬೆಂಚಿನ ಮೇಲೆ ಕೂತರು.

"ಇಳಿ ಅಕ್ಕ" ಎಂದರು ಚಿಕ್ಕತ್ತೆ.

"ಇಲ್ಲ ಕಣೆ, ಹೊತ್ತಾಗ್ತದೆ. ನಿನ್ನ ಮುಖ ನೋಡಾಯ್ತಲ್ಲ, ಹಿಂಗೇ ಹೊರಡ್ತೀವಿ."

ಒಳಗಿನಿಂದ ಕುರ್ಚಿ ತಂದು ಇಟ್ಟರು. ಅತ್ತೆ ಆ ಕುರ್ಚಿಯ ಕಾಲುಗಳನ್ನು ನೋಡಿ, ಬೇಡ ಎಂದು ತಲೆಯಾಡಿಸಿದರು. ಚಿಕ್ಕತ್ತೆ, "ಹೌದು ಬಿಡು. ಇಷ್ಟು ವರ್ಷ ಬರಲೇ ಇಲ್ಲ. ಇಂಥ ಗಾಡಿ ಮೇಲೆ ಕೂತವಳು ನಮ್ಮ ಅಂಗಳಕ್ಕೆ ಯಾಕೆ ಇಳೀತೀಯ" ಎಂದು ಒಳಗೆ ಹೋಗಲು ಗೋಡೆ ಹಿಡಿದು ಎದ್ದರು.

ಅತ್ತೆ, ಮಗನ ಗಾಡಿಗೆ ಕೆಟ್ಟ ಹೆಸರು ಬರುವುದಕ್ಕಿಂತ ತನಗೆ ಜಂಬ ಎಂದು ತಂಗಿ ತಿಳಿದರೂ ಪರವಾಗಿಲ್ಲ ಎಂದು ಕೂತಿದ್ದರು. ನನಗೆ ತಡೆಯಲಾಗಲಿಲ್ಲ. "ಇಳಿಯಲ್ಲ ಅಂತಲ್ಲ ಚಿಕ್ಕತ್ತೆ, ಇಳಿಯೋಕೆ ಆಗಲ್ಲ. ಇಷ್ಟು ವರ್ಷ ಹತ್ತೋಕೂ ಆಗ್ಲಿಲ್ಲ, ಅದಕ್ಕೇ ಬರ್ಲಿಲ್ಲ. ಇವತ್ತು ಕಣದಿಂದ ಮೂಟೆ ತುಂಬಿಸೋ ಹಾಗೆ ತುಂಬಿಸ್ಕೊಂಡು ಬಂದಿದೀವಿ" ಎಂದು ಗಾಡಿಯ ಮುಂದಿದ್ದವರಿಗೂ ಕೇಳಿಸುವಂತೆ ಹೇಳಿದೆ.

ಹೊಗೆ ಪೈಪಿನ ವರ್ಣನೆ ನಿಂತಿತು. ಯಜಮಾನರು ಹಿಂದಕ್ಕೆ ಬಂದರು. ಅಮ್ಮನನ್ನು ನೋಡಿದರು, ಕುರ್ಚಿಯನ್ನು ನೋಡಿದರು, ಗಾಡಿಯ ಎತ್ತರವನ್ನೂ ನೋಡಿದರು. ಅಷ್ಟು ವರ್ಷ ಟೇಪು ಹಿಡಿದು ಅಳೆದವರು ಅದನ್ನು ಮೊದಲ ಸಲ ನೋಡುತ್ತಿದ್ದ ಹಾಗಿತ್ತು. ಆಮೇಲೆ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಗಂಜಿ ಹಾಕಿ ಇಸ್ತ್ರಿ ಮಾಡಿದ ಖಾಕಿ ಪ್ಯಾಂಟಿನಲ್ಲೇ ಅಂಗಳದ ಸಗಣಿ ನೆಲದ ಮೇಲೆ ಮಂಡಿಯೂರಿ, ಎರಡು ಕೈ ಊರಿ ಬೆನ್ನು ಕೊಟ್ಟರು.

"ಕುರ್ಚಿ ಅಲ್ಲಾಡ್ತದೆ ಅಮ್ಮ. ನಾನು ಅಲ್ಲಾಡಲ್ಲ. ಇಳಿ."

"ಬೆನ್ನು ನೋವಾಗ್ತದೆ ಮಗ."

"ಇಳಿ ಅಂದ್ನಲ್ಲ."

ನಾನೂ ಚಿಕ್ಕತ್ತೆಯ ಮಗನೂ ಎರಡು ಕಡೆ ಕೈ ಹಿಡಿದೆವು. ಅತ್ತೆ ಮಗನ ಬೆನ್ನ ಮೇಲೆ ಒಂದು ಪಾದ ಇಟ್ಟರು, ನಿಂತರು, ಇಳಿದರು. ಯಜಮಾನರು ಹೇಳಿದಂತೆ ಅಲ್ಲಾಡಲಿಲ್ಲ. ಎದ್ದಾಗ ಅವರ ಕಣ್ಣು ಕೆಂಪಾಗಿತ್ತು. ಧೂಳು ಎಂದರು. ನಾನು ಹೌದು ಎಂದೆ. ಅತ್ತೆ ಅಷ್ಟರಲ್ಲಿ ಜಗಲಿ ಹತ್ತಿ ತಂಗಿಯ ಕೆನ್ನೆ ಹಿಡಿದುಕೊಂಡಿದ್ದರು. ಇಬ್ಬರೂ ಅಳುತ್ತ ಒಬ್ಬರನ್ನೊಬ್ಬರು ಬೈಯುತ್ತಿದ್ದರು.

ಸಂಜೆ ಹೊರಡುವ ಹೊತ್ತಿಗೆ ಯಜಮಾನರು ಮತ್ತೆ ಗಾಡಿಯ ಹಿಂದೆ ಹೋಗಿ ಮಂಡಿಯೂರಲು ಸಿದ್ಧರಾದರು. ಅತ್ತೆ ಜಗಲಿಯಿಂದ ಏಳಲಿಲ್ಲ. "ನೀನು ಹೋಗು. ಮೆಟ್ಟಿಲು ಹಾಕಿಸ್ಕೊಂಡು ಬಾ. ಅಲ್ಲೀತನಕ ನಾನು ಇಲ್ಲೇ ಇರ್ತೀನಿ" ಎಂದರು.

ನಾಲ್ಕನೆಯ ದಿನಕ್ಕೇ ಇವರು ಮತ್ತೆ ಕಳಸಕ್ಕೆ ಹೋದರು. ಸಾಬರು ದಪ್ಪ ಕಬ್ಬಿಣದಲ್ಲಿ ಎರಡು ಹಂತದ ಮೆಟ್ಟಿಲು ಮಾಡಿ, ಹಿಡಿದುಕೊಳ್ಳಲು ಕಂಬಿಯನ್ನೂ ಬೆಸೆದು ಕೊಟ್ಟಿದ್ದರು. ಅತ್ತೆ ಹೊರಗೆ ಬಂದು ಕಾಲಿಟ್ಟು ಒತ್ತಿ ನೋಡಿದರು. ಹತ್ತಿದರು, ಬೆಂಚಿನ ಮೇಲೆ ಕೂತರು, ಮತ್ತೆ ಇಳಿದರು. ಇನ್ನೊಂದು ಸಲ ಹತ್ತಿ ಇಳಿದರು.

"ಗಟ್ಟಿ ಇದೆ" ಎಂದರು. "ಇನ್ನು ಯಾವಾಗ ಬೇಕಾದ್ರೂ ಬರಬಹುದು. ಈಗಲೇ ಯಾಕೆ ಅವಸರ?"

ಯಜಮಾನರು ಖಾಲಿ ಗಾಡಿ ತಂದರು. ಮುಂದಿನ ವಾರವೂ ಹೋಗಿ ಖಾಲಿ ತಂದರು, ಅದರ ಮುಂದಿನ ವಾರವೂ. ಮಳೆ ಹಿಡಿದ ಮೇಲೆ ಚಿಕ್ಕತ್ತೆ ತೀರಿಕೊಂಡರು. ಅತ್ತೆ ಪಕ್ಕದಲ್ಲೇ ಇದ್ದರು.