ಗದ್ದದ ಮೇಲಿನ ಕೈ

ಯೋಚಿಸುವವರು ಗದ್ದದ ಮೇಲೆ ಕೈಯಿಡುತ್ತಾರೆ ಎಂಬುದು ಲೋಕದ ನಂಬಿಕೆ. ಗದ್ದದ ಮೇಲೆ ಕೈಯಿಟ್ಟವರೆಲ್ಲ ಯೋಚಿಸುತ್ತಿರುತ್ತಾರೆ ಎಂಬುದು ಅದರಿಂದ ಹುಟ್ಟಿದ ಭ್ರಮೆ. ಆ ಭ್ರಮೆಯ ಫಲಾನುಭವಿ ನಾನು. ತಿಪಟೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವಾಗ ನನ್ನ ಎಡಗೈ ತಾನಾಗಿ ಗದ್ದಕ್ಕೇರುತ್ತಿತ್ತು, ವಿದ್ಯಾರ್ಥಿಗಳು ನನ್ನನ್ನು ಮಹಾ ಚಿಂತನಶೀಲೆ ಎಂದು ಗೌರವಿಸುತ್ತಿದ್ದರು. ಆ ಕೈಯ ಕೆಳಗಿದ್ದದ್ದು ಚಿಂತನೆಯಲ್ಲ, ಕೂದಲು. ಒಂದೆರಡಲ್ಲ, ಹೈಸ್ಕೂಲು ಹುಡುಗನೊಬ್ಬ ಹೆಮ್ಮೆಪಡಬಹುದಾದಷ್ಟು.

ನಮ್ಮ ಕಡೆ ಹೆಂಗಸರ ಮಮತೆಗೆ ಒಂದು ನಿಶ್ಚಿತ ವಿಳಾಸವಿದೆ. ಅದು ಎದುರಿಗಿರುವವರ ಗದ್ದ. ಮದುವೆಮನೆಯಾಗಲಿ, ಬಸ್‌ಸ್ಟ್ಯಾಂಡಾಗಲಿ, ಹಿರಿಯರು ಮೊದಲು ಗದ್ದ ಹಿಡಿದು ಮುಖವೆತ್ತಿ ನೋಡಿ, ಆಮೇಲೆ ಕ್ಷೇಮಸಮಾಚಾರ ಕೇಳುತ್ತಾರೆ. ಈ ಮಮತೆಯಿಂದ ಪಾರಾಗುವ ಕಲೆಯಲ್ಲಿ ನಾನು ನಿಷ್ಣಾತಳಾಗಿದ್ದೆ. ಯಾರದಾದರೂ ಕೈ ಮೇಲೇಳುವುದು ಕಂಡರೆ ಸಾಕು, ಬಗ್ಗಿ ಕಾಲಿಗೆ ನಮಸ್ಕಾರ ಮಾಡಿಬಿಡುತ್ತಿದ್ದೆ. ಹೀಗಾಗಿ ಚಿಂತನಶೀಲೆ ಎಂಬ ಬಿರುದಿನ ಜೊತೆಗೆ ವಿನಯವಂತೆ ಎಂಬ ಹೆಸರೂ ಪುಕ್ಕಟೆಯಾಗಿ ಬಂತು.

ನೊಣವಿನಕೆರೆಯಲ್ಲಿದ್ದ ನನ್ನ ಅಮ್ಮನ ಮುಂದೆ ಮಾತ್ರ ಈ ವಿದ್ಯೆ ಸಂಕಟ ಕೊಡುತ್ತಿತ್ತು. ನಾನು ಬಸ್ಸಿಗೆ ಹೊರಟಾಗ ಅವಳ ಕೈ ನನ್ನ ಮುಖದ ಕಡೆ ಬರುತ್ತಿತ್ತು, ನಾನು ಬಗ್ಗುತ್ತಿದ್ದೆ, ಆ ಕೈ ನನ್ನ ತಲೆಯ ಮೇಲೆ ಒಂದು ಕ್ಷಣ ನಿಂತು ಹಿಂದಕ್ಕೆ ಹೋಗುತ್ತಿತ್ತು. ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದೇ ಮಾತಾಡುವ ಹಳೆಯ ಕಾಲದ ಸಂಕೋಚದವಳು ಅವಳು, ಏನನ್ನೂ ಕೇಳಲಿಲ್ಲ. ಹೆತ್ತವಳಿಗೆ ಮುಖ ಮುಟ್ಟಗೊಡದೆ ಇನ್ನೆಷ್ಟು ವರ್ಷ ಕಳೆಯಲಿ ಎಂದು ದಾರಿಯುದ್ದಕ್ಕೂ ದುಃಖವಾಗುತ್ತಿತ್ತು. ಕೂದಲನ್ನು ಬುಡದಲ್ಲೇ ಸುಡುವ ಲೇಸರ್ ಎಂಬ ಚಿಕಿತ್ಸೆಯ ಸುದ್ದಿ ಕಿವಿಗೆ ಬಿದ್ದಾಗ ನನಗೆ ಮೊದಲು ನೆನಪಾದದ್ದು ಆ ಕೈ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬೆಂಗಳೂರಿನ ಚರ್ಮವೈದ್ಯೆಯೊಬ್ಬರ ಬಳಿ ದಿನ ಗೊತ್ತುಮಾಡಿಕೊಂಡೆ. ನೆಂಟರು ಬರುವ ಮುನ್ನ ಮನೆ ಗುಡಿಸುವಂತೆ, ಹಿಂದಿನ ದಿನವೇ ಚಿಮಟ ಹಿಡಿದು ಗದ್ದದ ಒಂದು ಕೂದಲನ್ನೂ ಉಳಿಸದೆ ಕಿತ್ತೆ; ಡಾಕ್ಟರ ಮುಂದೆ ಗಡ್ಡ ಬಿಟ್ಟುಕೊಂಡು ಕೂರುವುದು ಮರ್ಯಾದೆಯೇ? ಬೆಳಿಗ್ಗೆ ರೈಲಿಗೆ ಹೊರಡುವ ಮುಂಚೆ, ಗಾಣದಿಂದ ತಂದ ಹೊಸ ಕೊಬ್ಬರಿ ಎಣ್ಣೆಯನ್ನು ಮುಖಕ್ಕೆ ಮಿರಮಿರ ಮಿಂಚುವಂತೆ ತೀಡಿಕೊಂಡೆ. ಒಣಮುಖ ಹೊತ್ತು ಪರಊರಿಗೆ ಹೋಗುವುದು ಇಡೀ ತೆಂಗಿನ ಸೀಮೆಗೇ ಅವಮಾನವೆಂದು ನಂಬಿ ಬೆಳೆದವರು ನಾವು.

ಡಾಕ್ಟರು ಹತ್ತಿಯಿಂದ ನನ್ನ ಗದ್ದ ಒರೆಸಿ, ಹತ್ತಿಯನ್ನು ಮೂಸಿ ನೋಡಿದರು. "ಯಾವ ಊರು ನಿಮ್ಮದು?" ಎಂದರು. ತಿಪಟೂರು ಎಂದೆ. "ಅದೇ ಅಂದ್ಕೊಂಡೆ. ಎಣ್ಣೆ ಒರೆಸಬಹುದು ಮೇಡಂ, ಆದರೆ ಸುಡೋದಕ್ಕೆ ನೀವು ಏನೂ ಉಳಿಸಿಲ್ವಲ್ಲ," ಎಂದು ನಕ್ಕರು.

ಅಂದು ನನಗೆ ದೊರೆತದ್ದು ಚಿಕಿತ್ಸೆಯಲ್ಲ, ಪಾಠ. ಓದುಗರಾದ ನಿಮಗೆ ಉಪಯೋಗಕ್ಕೆ ಬಂದೀತೆಂದು ಒಪ್ಪಿಸುತ್ತೇನೆ. ಲೇಸರಿನ ಬೆಳಕು ಕೂದಲಿನ ಕಪ್ಪನ್ನು ಹುಡುಕಿ ಹಿಡಿದು, ಅದರ ಮೂಲಕ ಬುಡಕ್ಕೆ ಶಾಖ ಮುಟ್ಟಿಸುತ್ತದೆಯಂತೆ. ಕಿತ್ತುಬಿಟ್ಟರೆ ಆ ಬೆಳಕಿಗೆ ದಾರಿಯೇ ಇಲ್ಲ. ಆದ್ದರಿಂದ ಒಂದೂವರೆ ತಿಂಗಳು ಮುಂಚಿನಿಂದ ಚಿಮಟ, ದಾರ, ಮೇಣ ಮೂರೂ ನಿಷಿದ್ಧ. ಹಿಂದಿನ ದಿನ ರೇಜರಿನಿಂದ ಬೋಳಿಸಿಕೊಳ್ಳಬೇಕು, ಬೋಳಿಸಿದರೆ ದಪ್ಪಗೆ ಬೆಳೆಯುತ್ತದೆಂಬುದು ಸುಳ್ಳು. ಆ ದಿನ ಎಣ್ಣೆ, ಅರಿಶಿನ, ಪೌಡರು ಕೂಡದು. ಮುಂಚೆಯೂ ಆಮೇಲೂ ಕೆಲವು ವಾರ ಬಿಸಿಲಿಗೆ ಮುಖವೊಡ್ಡಬಾರದು. ನಮ್ಮಂಥ ಕಂದುಬಣ್ಣದ ಚರ್ಮಕ್ಕೆ ಒಗ್ಗುವ ಯಂತ್ರವೇ ಎಂದು ಕೇಳದೆ, ಸ್ವಲ್ಪ ಜಾಗದಲ್ಲಿ ಪರೀಕ್ಷಿಸದೆ ಮುಂದುವರಿದರೆ ಸುಟ್ಟ ಕಲೆ ಉಳಿಯಬಹುದು. ಈ ಬೆಳೆಗೆ ಕಾರಣವೇನೆಂದು ಮೊದಲು ರಕ್ತಪರೀಕ್ಷೆಯಾಗಬೇಕು. ನನ್ನದರಲ್ಲಿ ಹಾರ್ಮೋನಿನ ಏರುಪೇರು ಕಂಡು ಮಾತ್ರೆಯೂ ಗಂಟುಬಿತ್ತು. ಒಂದೇ ಸಲಕ್ಕೆ ಮುಗಿಯುವುದಿಲ್ಲ, ತಿಂಗಳುಗಟ್ಟಲೆ ಓಡಾಡಬೇಕು. ಅಷ್ಟಾದರೂ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ನಿರ್ಮೂಲವಾಗುವ ಭರವಸೆಯಿಲ್ಲ.

ಹೀಗೆ ಗಂಡಸರ ರೇಜರು ಹಿಡಿದು ಯಜಮಾನರ ಪಕ್ಕದಲ್ಲಿ ಕನ್ನಡಿಗೆ ನಿಂತೆ. ಅವರು ಕೆನ್ನೆಯ ನೊರೆಯೊಳಗಿಂದಲೇ ಒಮ್ಮೆ ನನ್ನತ್ತ ನೋಡಿ, "ನನಗಿಂತ ನಿನಗೇ ನುಣ್ಣಗೆ ಬತ್ತದಲ್ಲೇ," ಎಂದು ಜಾಗ ಬಿಟ್ಟುಕೊಟ್ಟರು. ಆಮೇಲಿನದೆಲ್ಲ ಸಲೀಸು. ಕಣ್ಣಿಗೆ ಕಪ್ಪು ಕನ್ನಡಕ, ಗದ್ದದ ಮೇಲೆ ಒಗ್ಗರಣೆಯ ಸಾಸಿವೆ ಸಿಡಿದಂಥ ಚುರುಕು, ಸುಟ್ಟ ಕೂದಲಿನ ವಾಸನೆ. ಮರಳುವಾಗ ತಿಪಟೂರಿನ ಬಿಸಿಲಿಗೆ ಕೊಡೆ. ವರ್ಷ ತುಂಬುವ ಹೊತ್ತಿಗೆ ನನ್ನ ಎಡಗೈ ನಿರುದ್ಯೋಗಿಯಾಯಿತು.

ಆ ವಾರವೇ ನೊಣವಿನಕೆರೆಯ ಬಸ್ಸು ಹತ್ತಿದೆ. ಅಮ್ಮ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ನಮಸ್ಕಾರಕ್ಕೆ ಬಗ್ಗಲಿಲ್ಲ. ಪಕ್ಕದಲ್ಲಿ ಕೂತು, ಅವಳ ಕೈ ತೆಗೆದು ನನ್ನ ಗದ್ದಕ್ಕಿಟ್ಟುಕೊಂಡೆ. ಅವಳು ಹೆಬ್ಬೆರಳಿಂದ ಅತ್ತಿತ್ತ ಸವರಿದಳು.

"ನುಣ್ಣಗೈತಲ್ಲೇ. ಏನ್ ಮಾಡಿಸ್ದೆ?"

ಹೇಳಿದೆ. ನನ್ನ ಗದ್ದದ ಗುಟ್ಟು ಅವಳಿಗೆ ಮೊದಲೇ ಗೊತ್ತಿತ್ತೆಂಬುದು ಆ ಪ್ರಶ್ನೆಯಿಂದಲೇ ತಿಳಿಯಿತು. ಅವಳು ಇನ್ನೊಂದು ಕೈಯಲ್ಲಿ ಬಾಯಿಗೆ ಅಡ್ಡ ಹಿಡಿದಿದ್ದ ಸೆರಗನ್ನು ನಿಧಾನವಾಗಿ ಕೆಳಗಿಳಿಸಿ, "ನಂದೂ ಹೋಯ್ತದೇನೇ?" ಎಂದಳು.

ಅವಳ ಗದ್ದದ ತುಂಬ ಬೆಳ್ಳನೆಯ ಒರಟು ಕೂದಲಿದ್ದವು. ನಾನು ಇಷ್ಟು ಕಾಲ ಸಂಕೋಚವೆಂದುಕೊಂಡಿದ್ದ ಸೆರಗು ನನ್ನ ಎಡಗೈಯ ಕೆಲಸವನ್ನೇ ಮಾಡುತ್ತಿತ್ತು. ಡಾಕ್ಟರ ಪಾಠ ಒಪ್ಪಿಸದೆ ವಿಧಿಯಿರಲಿಲ್ಲ: ಆ ಬೆಳಕು ಹಿಡಿಯುವುದು ಕಪ್ಪನ್ನು ಮಾತ್ರ, ಬಿಳಿಯದು ಅದಕ್ಕೆ ಕಾಣುವುದೇ ಇಲ್ಲ ಅಮ್ಮಾ, ಎಂದೆ.

"ಬುಡು, ನಿಂದು ಹೋಯ್ತಲ್ಲ," ಎಂದು ಅವಳು ಮತ್ತೆ ಸೆರಗಿಗೆ ಕೈಹಾಕಿದಳು.

ನಾನು ಬಿಡಲಿಲ್ಲ. ಇನ್ನೂ ಚೀಲದಲ್ಲೇ ಉಳಿದಿದ್ದ ರೇಜರು ತೆಗೆದೆ, ಬಿಸಿನೀರು ಸೋಪು ತಂದೆ, ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿ ಗದ್ದ ಹಿಡಿದು ಮುಖವೆತ್ತಿದೆ. ಅವಳು ಕಣ್ಣು ಮುಚ್ಚಿಕೊಂಡಳು. ಕೆಲಸ ಮುಗಿದು, ಒದ್ದೆ ಬಟ್ಟೆಯಿಂದ ಒರೆಸಿದ ಮೇಲೂ ನಾನು ಕೈ ತೆಗೆದಿರಲಿಲ್ಲ. ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ಗೌರಮ್ಮ ಬಾಗಿಲಲ್ಲೇ ನಿಂತು, "ಏನವ್ವಾ, ಮಗಳು ತಾಯಿನ ಮುದ್ದು ಮಾಡ್ತಾವ್ಳೆ," ಎಂದಳು.

ಗದ್ದದ ಮೇಲೆ ನನ್ನ ಕೈ ಕಂಡವರು ತಪ್ಪು ತಿಳಿಯದೆ ಇದ್ದದ್ದು ಅದೇ ಮೊದಲು.