ಮೊಟ್ಟೆಯಾದ ಸೊನ್ನೆ

೨೦೦೨ರಲ್ಲಿ ನಾನು ಜಯನಗರದಲ್ಲಿ ಡಿಟಿಪಿ ಅಂಗಡಿ ನಡೆಸುತ್ತಿದ್ದೆ. ಪುಸ್ತಕದ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಅಚ್ಚಿಗೆ ಸಿದ್ಧಮಾಡುವುದು ನನ್ನ ಕೆಲಸ. ಒಂದು ಸೋಮವಾರ ಯಡಿಯೂರಿನ ನಿವೃತ್ತ ಶಿಕ್ಷಕಿ ಶಾರದಮ್ಮನವರು ಅಚ್ಚಾದ ಹಾಳೆಗಳ ಕಟ್ಟೊಂದನ್ನು ತಂದು ನನ್ನ ಮೇಜಿನ ಮೇಲೆ ಕುಕ್ಕಿದರು.

ಪುಟ್ಟೇನಹಳ್ಳಿಯ ಹೆಂಗಸರಿಂದ ಅವರು ವರ್ಷಗಟ್ಟಲೆ ಬರೆದುಕೊಂಡ ಹಾಡುಗಳವು. ಪುಟ ಜೋಡಿಸಿದ ಕತ್ರಿಗುಪ್ಪೆಯ ರಮೇಶ, ಒಂದು ಫಾರಂನಲ್ಲಿ, ಅಂದರೆ ಒಟ್ಟಿಗೆ ಅಚ್ಚಾಗುವ ಹದಿನಾರು ಪುಟಗಳಲ್ಲಿ, ಹಾಡಿದವರ ಹೆಸರುಗಳನ್ನೆಲ್ಲ ಕಿತ್ತುಹಾಕಿದ್ದ. ಜಾಗ ಸಾಲಲಿಲ್ಲವಂತೆ. ಆ ಹಾಡುಗಾರ್ತಿಯರಲ್ಲಿ ಬದುಕಿ ಉಳಿದಿದ್ದವರು ಮುನಿಯಮ್ಮ ಒಬ್ಬರೇ. ಭಾನುವಾರದ ಬಿಡುಗಡೆಯಲ್ಲಿ ಮೊದಲ ಪ್ರತಿ ಅವರ ಕೈಗೆ ಹೋಗಬೇಕಿತ್ತು. ಇನ್ನೂ ಬೈಂಡಾಗಿರಲಿಲ್ಲವಾದ್ದರಿಂದ ಆ ಒಂದು ಫಾರಂ ಬದಲಿಸಿದರೆ ಸಾಕು. ಆದರೆ ಅಕ್ಷರ ಅದೇ ಇರಬೇಕು, ಇಲ್ಲದಿದ್ದರೆ ತೇಪೆ ಎದ್ದು ಕಾಣುತ್ತದೆ. ತಪ್ಪು ಎತ್ತಿ ತೋರಿಸಿದ್ದಕ್ಕೆ ರಮೇಶ ಫೈಲನ್ನೂ ಕೊಟ್ಟಿರಲಿಲ್ಲ, ಫಾಂಟಿನ ಹೆಸರನ್ನೂ ಹೇಳಿರಲಿಲ್ಲ. ನಾನೇ ಫೋನ್ ಮಾಡಿದೆ.

"ಅದು ನಾನು ಸ್ಪೆಷಲ್ಲಾಗಿ ಮಾಡಿರೋ ಅಕ್ಷರ ಸಾರ್. ಹುಡುಕ್ಕೊಳ್ಳಿ, ಸಿಕ್ರೆ ನನಗೂ ಹೇಳಿ" ಎಂದು ಫೋನ್ ಇಟ್ಟ. ನನಗೆ ಮೈಯೆಲ್ಲ ಉರಿಯಿತು.

ಗೊತ್ತಿಲ್ಲದ ಅಕ್ಷರದ ಗುರುತು ಹಿಡಿಯಲು ನಾವು ಮೊದಲು ನೋಡುತ್ತಿದ್ದದ್ದು 'ಳ'ದ ಬಾಲ, 'ಣ'ದ ಸುರುಳಿ, ಒತ್ತಕ್ಷರ ಕೂರುವ ಜಾಗ. ಭೂತಗನ್ನಡಿ ಹಿಡಿದು ಎರಡು ದಿನ ಒಂದೊಂದೇ ಫಾಂಟನ್ನು ತೂಗಿ ನೋಡಿದೆ. ಪುಕ್ಕಟೆ ಹಂಚಿದ ಸಿಡಿಯೊಂದರಲ್ಲಿ ಬಂದಿದ್ದ ಫಾಂಟಿನ ತಿರುವುಗಳೆಲ್ಲ ಹೊಂದುತ್ತಿದ್ದವು, ಆದರೆ ಸಾಲು ಮಾತ್ರ ಉದ್ದವಾಗುತ್ತಿತ್ತು. ಇದಲ್ಲ ಎಂದು ಅದನ್ನೂ ಪಕ್ಕಕ್ಕೆ ಸರಿಸಿದೆ. ದಿನವೂ ಬಂದು ಎದುರು ಕೂರುತ್ತಿದ್ದ ಶಾರದಮ್ಮನವರ ಮೇಲೂ ರೇಗಿದೆ. ಅವರು ಅಲುಗಾಡಲಿಲ್ಲ. ನಾನು ಆ ಪುಕ್ಕಟೆ ಫಾಂಟಿನಲ್ಲಿ ತೆಗೆದಿದ್ದ ಹಾಳೆಯನ್ನೂ ರಮೇಶನ ಹಾಳೆಯನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿ ಹೇಳಿದರು:

"ನಿಮ್ಮ ಸೊನ್ನೆ ಗುಂಡಗಿದೆ, ಅವನದ್ದು ಮೊಟ್ಟೆ ಥರ ಇದೆ. ಬೋರ್ಡಲ್ಲಿ ಜಾಗ ಸಾಲ್ದಿದ್ರೆ ಮಕ್ಳು ಹೀಗೇ ಒತ್ತಿ ಬರೀತಾರೆ."

ಇಷ್ಟು ವರ್ಷದ ಅನುಭವಿ ನಾನು, ಅನುಸ್ವಾರವನ್ನೇ ನೋಡಿರಲಿಲ್ಲ. ಪುಟ ಉಳಿಸಲು ಆ ಪುಣ್ಯಾತ್ಮ ಪುಕ್ಕಟೆ ಫಾಂಟನ್ನೇ ಅಡ್ಡಲಾಗಿ ಹಿಂಡಿದ್ದ. ಅದೂ ಸಾಲದೆ ಹೆಸರುಗಳನ್ನು ಕಿತ್ತಿದ್ದ. ಅಗಲವನ್ನು ಶೇಕಡಾ ೮೮ಕ್ಕೆ ಇಳಿಸಿ, ಹಾಳೆಯ ಮೇಲೆ ಹಾಳೆ ಇಟ್ಟು ಟ್ಯೂಬ್‌ಲೈಟಿಗೆ ಹಿಡಿದೆ. ಅಕ್ಷರದ ಮೇಲೆ ಅಕ್ಷರ ಕೂತಿತು. ಸಾಲುಗಳ ನಡುವಿನ ಅಂತರವನ್ನು ಕೂದಲೆಳೆಯಷ್ಟು ಕಡಿಮೆ ಮಾಡಿದಾಗ ಅಷ್ಟೂ ಹೆಸರುಗಳಿಗೆ ಜಾಗವಾಯಿತು. ತಕ್ಷಣ ರಮೇಶನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಬೇರೆಯವರ ಹೆಸರು ಅಳಿಸಿ ಬದುಕುವವನು ಎಂದೂ ಹೇಳಿದೆ. ಬಹಳ ಹಿತವಾಗಿತ್ತು.

ಶಾರದಮ್ಮ ಎಲ್ಲವನ್ನೂ ಕೇಳಿಸಿಕೊಂಡು ಕೂತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು: "ಈ ಅಕ್ಷರ ಬರೆದು ಪುಕ್ಕಟೆ ಕೊಟ್ಟೋರು ಯಾರು? ಅವರ ಹೆಸರೂ ಹಾಕ್ಬಿಡಿ."

ನಾವು ಯಾವ ಫಾಂಟು ಬಳಸುತ್ತೇವೆಂದು ಪಕ್ಕದ ಅಂಗಡಿಯವರಿಗೆ ತಿಳಿಯಬಾರದೆಂದು, ಬಂದ ಫಾಂಟಿಗೆಲ್ಲ ಬೇರೆ ಹೆಸರಿಟ್ಟು ಜೊತೆಗಿದ್ದ ವಿವರದ ಫೈಲನ್ನು ಅಳಿಸುವುದು ನಮ್ಮ ಡಿಟಿಪಿಯವರ ರೂಢಿ. ಆ ಫಾಂಟಿಗೆ ನಾನು ನನ್ನ ಮಗಳ ಹೆಸರಿಟ್ಟಿದ್ದೆ. ಸಿಡಿ ಎಲ್ಲಿ ಹೋಯಿತೋ ಗೊತ್ತಿರಲಿಲ್ಲ.

"ಗೊತ್ತಿಲ್ಲ ಮೇಡಂ" ಎಂದೆ. ಅವರು ಪುಟಗಳನ್ನು ಎತ್ತಿಕೊಂಡು ಹೋದರು.

ಭಾನುವಾರ ಮುನಿಯಮ್ಮ ತಮ್ಮ ಹೆಸರು ಎಲ್ಲಿದೆ ಎಂದು ಕೇಳಿ, ತೋರಿಸಿದ ಜಾಗದಲ್ಲಿ ಬೆರಳಿಟ್ಟು ಬಹಳ ಹೊತ್ತು ಕೂತಿದ್ದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಬೈಯುವ ಮುನ್ನ ನನ್ನ ಕೈ ನೋಡಿಕೊಳ್ಳಬೇಕೆಂದು ಈ ಕಸುಬು ಅಂದು ಕಲಿಸಿತು. ಆಮೇಲೆ ಯಾವ ಫಾಂಟಿನ ಹೆಸರನ್ನೂ ನಾನು ಅಳಿಸಲಿಲ್ಲ. ಆದರೆ ಆ ಹದಿನಾರು ಪುಟಗಳ ಅಕ್ಷರ ಬರೆದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.