ಮುಕ್ಕಾಲು ಇಂಚು

ಡೆಲ್ಮರ್ ಹೌಗೆನ್ ಕೆಟ್ಟವನೆಂದು ಕೆಟಲ್ ಫೋರ್ಕ್‌ನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವನು ಕಾಫಿ ಅಂಗಡಿಗೆ ಬಂದರೆ ಜನ ಸರಿದು ಜಾಗ ಕೊಡುತ್ತಾರೆ, ಚಳಿಯ ಬಗ್ಗೆ ಎರಡು ಮಾತಾಡುತ್ತಾರೆ, ಆಮೇಲೆ ತಮ್ಮ ಲೋಟ ಬೇಗ ಖಾಲಿ ಮಾಡಿ ಎದ್ದುಹೋಗುತ್ತಾರೆ. ಐಡಾಹೋದ ಉತ್ತರದ ಮೂಲೆಯ ಈ ಸಣ್ಣ ಊರಿನಲ್ಲಿ ಒಬ್ಬನನ್ನು ಹೊರಗಿಡಲು ಇದಕ್ಕಿಂತ ಹೆಚ್ಚಿನ ಗದ್ದಲ ಬೇಕಾಗುವುದಿಲ್ಲ.

ಇದೇ ಜನ ಅವನನ್ನು ಒಂದು ಕಾಲದಲ್ಲಿ ತಲೆಯ ಮೇಲೆ ಹೊತ್ತು ಮೆರೆಸಿದ್ದರು. ಮರ ಕೊಯ್ಯುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಕಬ್ಬಿಣ ಕಡಿಯುವ ಲೇತ್ ಯಂತ್ರದ ಮುಂದೆ ನಿಂತು ದುಡಿದವನು. ಕಾರ್ಖಾನೆ ಮುಚ್ಚಿದಾಗ ಮನೆಯ ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗ್ ಶುರುಮಾಡಿದ. ಹೆಂಡತಿ ಅಯೋನ್ ಬಿಟ್ಟುಹೋದದ್ದೂ ಅದೇ ವರ್ಷ. ಕಬ್ಬಿಣದ ಜೊತೆ ಆಡುವಷ್ಟು ಮಾತನ್ನೂ ಈ ಮನುಷ್ಯ ತನ್ನ ಜೊತೆ ಆಡುವುದಿಲ್ಲ ಎಂಬುದು ಅವಳ ದೂರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆಮೇಲೆ ಅವನಿಗೆ ಉಳಿದದ್ದು ಹುಡುಕಾಟದ ತಂಡ ಒಂದೇ. ಬೆಟ್ಟದಲ್ಲಿ ದಾರಿ ತಪ್ಪಿದವರನ್ನು, ಕಾಲು ಮುರಿದುಕೊಂಡು ಬಿದ್ದವರನ್ನು ಹುಡುಕಿ ತರುವ ಆರು ಜನರ ತಂಡ ಅದು. ಸಂಬಳ ಗಿಂಬಳ ಏನೂ ಇಲ್ಲ. ಹನ್ನೊಂದು ಚಳಿಗಾಲದಿಂದ ಡೆಲ್ಮರನೇ ಮುಂದಾಳು. ಸೊಂಟದವರೆಗೆ ಬಿದ್ದ ಹೊಸ ಹಿಮದಲ್ಲಿ ಮೊದಲ ಜಾಡು ಮುಂದಾಳಿನದು, ಉಳಿದವರು ಅವನ ಹಿಂದೆ. ಅರವತ್ತೊಂದನೆಯ ವಯಸ್ಸಿನಲ್ಲಿ ಅವನನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಆ ಮೊದಲ ಜಾಡು.

ಅವರ ವಾಹನ ಹಿಮದ ಬೈಕು. ಮಣ್ಣುಗುಡ್ಡೆ ಹಾರಿಸುವ ಬೈಕಿನ ಮುಂದಿನ ಚಕ್ರ ಕಿತ್ತು ಹಿಮದ ಮೇಲೆ ಜಾರುವ ಅಗಲವಾದ ಸ್ಕೀ ಹಲಗೆ ಹಾಕಬೇಕು, ಹಿಂದಿನ ಚಕ್ರ ಕಿತ್ತು ಹಲ್ಲುಗಳಿರುವ ರಬ್ಬರ್ ಪಟ್ಟಿ ಹಾಕಬೇಕು. ಆರೂ ಬೈಕುಗಳನ್ನು ಹೀಗೆ ಮಾರ್ಪಡಿಸಿದವನು ಡೆಲ್ಮರ್. ಆರೂ ಒಂದೇ ತರಹ ಇರಬೇಕು, ಕೂದಲೆಳೆಯಷ್ಟೂ ವ್ಯತ್ಯಾಸ ಇರಕೂಡದು ಎಂದು ನಿಯಮ ಮಾಡಿದವನೂ ಅವನೇ. ಬೆಟ್ಟದಲ್ಲಿ ಯಾರಿಗೆ ಏನಾದೀತೋ, ಯಾರ ಬೈಕನ್ನು ಯಾರು ಏರಬೇಕಾದೀತೋ ಹೇಳಲಾಗದು. ಈ ನಿಯಮವನ್ನು ಅವನು ಪ್ರತಿ ಸಭೆಯಲ್ಲಿ ಎಲ್ಲರ ಕಿವಿ ತೂತಾಗುವಷ್ಟು ಸಲ ಹೇಳುತ್ತಿದ್ದ.

ಮುಂದಾಳು ಯಾರೆಂಬುದು ಡಿಸೆಂಬರಿನ ಮೊದಲ ಶನಿವಾರ ತೀರ್ಮಾನವಾಗುತ್ತದೆ. ಹಾರ್ಸ್‌ಬ್ಯಾಕ್ ಬೆಟ್ಟದ ಕಡಿದಾದ ಪಕ್ಕೆಯನ್ನು ಅಡ್ಡಡ್ಡಲಾಗಿ, ಕಾಲು ಊರದೆ ದಾಟಬೇಕು. ಕಾಲು ಊರಿದರೆ ‘ಸುಂಕ ಕಟ್ಟಿದ’ ಎಂದು ನಗುತ್ತಾರೆ. ಕಡಿಮೆ ಸುಂಕ ಕಟ್ಟಿದವರು ಆ ಚಳಿಗಾಲದ ಮುಂದಾಳು. ಮುಂದಾಳು ಬದಲಾದರೆ ಹೊಸಬರು ಹಳಬರ ಬೈಕನ್ನು ಏರಿ ಕೆಳಗಿಳಿಯುವುದು ವಾಡಿಕೆ. ಹನ್ನೊಂದು ವರ್ಷ ಬದಲಾಗಿರಲಿಲ್ಲವಾದ್ದರಿಂದ ಡೆಲ್ಮರನ ಬೈಕನ್ನು ಇನ್ನೊಬ್ಬರು ಏರುವ ಸಂದರ್ಭವೇ ಬಂದಿರಲಿಲ್ಲ.

ಹೋದ ವರ್ಷ ಅವನ ಬಲಭುಜ ಕೈಕೊಟ್ಟಿತು. ಒಳಗಿನ ಸ್ನಾಯು ಹರಿದಿದೆ, ಇನ್ನು ಭಾರ ಎಳೆಯಬೇಡ ಎಂದರು ಡಾಕ್ಟರು. ಹಿಮದ ಬೈಕು ಓಡಿಸುವುದೆಂದರೆ ಭಾರ ಎಳೆಯುವುದೇ. ಬೆಟ್ಟದ ಪಕ್ಕೆಯಲ್ಲಿ ಅಡ್ಡ ಹೋಗುವಾಗ ಸ್ಕೀ ಕೆಳಕ್ಕೆ ಜಾರುತ್ತದೆ. ಅದರ ಮೂತಿಯನ್ನು ಮೇಲಕ್ಕೆ ತಿರುಗಿಸಿ ಹಿಡಿಯಲು ಹ್ಯಾಂಡಲಿನ ಜೊತೆ ಕುಸ್ತಿಯನ್ನೇ ಆಡಬೇಕು. ಡೆಲ್ಮರ್ ಡಾಕ್ಟರ ಮಾತನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಶೆಡ್ಡಿನ ಬಾಗಿಲು ಹಾಕಿಕೊಂಡ. ಸ್ಕೀಯನ್ನು ಬೈಕಿನ ಮುಂಗವಲಿಗೆ, ಅಂದರೆ ಫೋರ್ಕಿಗೆ, ಬಿಗಿಯುವ ಕಬ್ಬಿಣದ ಹಿಡಿಕೆಯನ್ನು ಹೊಸದಾಗಿ ಕಡಿದು, ಸ್ಕೀ ಮುಕ್ಕಾಲು ಇಂಚು ಮುಂದಕ್ಕೆ ಕೂರುವಂತೆ ಮಾಡಿದ. ಹ್ಯಾಂಡಲು ಹಗುರಾಯಿತು. ಆದರೆ ಗಟ್ಟಿ ಹಿಮದ ದಾರಿಯಲ್ಲಿ ಬೈಕು ಹಳೆಯ ಜಾಡುಗಳನ್ನೆಲ್ಲ ಮೂಸಿಕೊಂಡು ಅತ್ತಿತ್ತ ಓಡತೊಡಗಿತು. ಆಗ ಸ್ಕೀ ಅಡಿಯ ಕಬ್ಬಿಣದ ಏಣನ್ನು ಮುಂಭಾಗದಲ್ಲಷ್ಟೇ ಅರೆದು ತಗ್ಗಿಸಿದ, ಹಿಡಿತವೆಲ್ಲ ಹಿಂದಿನ ಅರ್ಧಕ್ಕೆ ಬಂತು. ಸ್ಕೀ ಮೇಲಿನ ಭಾರ ಇಳಿಯಲೆಂದು ಹಿಂದಿನ ಪಟ್ಟಿಯ ಬಿಗಿಯನ್ನೂ ಒಂದಿಷ್ಟು ಸಡಿಲಿಸಿದ. ಒಂಬತ್ತು ಹಿಡಿಕೆಗಳು ಗುಜರಿಗೆ ಹೋದವು. ಹತ್ತನೆಯದು ಕೂತಿತು. ಹ್ಯಾಂಡಲು ಎರಡು ಬೆರಳಿಗೆ ತಿರುಗಿತು. ಡೆಲ್ಮರ್ ಒಬ್ಬನೇ ನಿಂತು ನಕ್ಕ. ಕಾರ್ಖಾನೆಯ ಅಭ್ಯಾಸದಂತೆ ತುಂಡಿನ ಬೆನ್ನಿಗೆ ತಿಂಗಳು, ವರ್ಷ ಒತ್ತಿದ. ಅಕ್ಟೋಬರ್ ತಿಂಗಳು ಅದು.

ಅವನೇ ಮಾಡಿದ ನಿಯಮದ ಪ್ರಕಾರ ಮರುದಿನವೇ ಇನ್ನೈದು ಹಿಡಿಕೆ ಕಡಿಯಬೇಕಿತ್ತು. ಕಡಿಯಲಿಲ್ಲ. ಇನ್ನೂ ಪರೀಕ್ಷೆ ಮಾಡಬೇಕು ಎಂದು ತನಗೆ ತಾನೇ ಹೇಳಿಕೊಂಡ, ಮನುಷ್ಯನಿಗೆ ನೆಪ ಹುಡುಕುವುದು ಕಷ್ಟವೇ? ನಿಜ ಏನೆಂದರೆ ಎಲ್ಲರ ಹ್ಯಾಂಡಲೂ ಹಗುರಾದರೆ ಮುಂದಾಳು ಕಾರ್ಲಾ ಆಗುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಕಾರ್ಲಾ ವೆಸ್ಟ್‌ಬಿ ಶಾಲೆಯ ಬಸ್ಸು ಓಡಿಸುವವಳು, ಮೂವತ್ತೆಂಟು ವಯಸ್ಸು. ಹಿಮವನ್ನು ಓದುವುದರಲ್ಲಿ ಅವಳನ್ನು ಮೀರಿಸುವವರು ನಮ್ಮಲ್ಲಿ ಇಲ್ಲ, ತೋಳಿನ ಬಲ ಮಾತ್ರ ಸ್ವಲ್ಪ ಕಡಿಮೆ. ಆ ಡಿಸೆಂಬರಿನಲ್ಲಿ ಅವಳು ಮೂರು ಸುಂಕ ಕಟ್ಟಿದಳು. ಹರಿದ ಭುಜದ ಡೆಲ್ಮರ್ ಒಂದನ್ನೂ ಕಟ್ಟಲಿಲ್ಲ. ಮುದುಕ ಇನ್ನೂ ಗಟ್ಟಿ ಇದ್ದಾನೆ ಎಂದು ಊರೆಲ್ಲ ಕೊಂಡಾಡಿತು.

ಜನವರಿಯಲ್ಲಿ ಅಂಚೆ ಹಂಚುವ ಪೆರಿ ಓಲ್ಡ್ಸ್ ಒಬ್ಬನೇ ಸ್ಕೀ ಮಾಡಲು ಹೋಗಿ ಬೆಟ್ಟದ ಆಚೆ ಬಿದ್ದ. ತಂಡ ಎರಡು ಭಾಗವಾಯಿತು. ಡೆಲ್ಮರ್ ಇಬ್ಬರನ್ನು ಕರೆದುಕೊಂಡು ಉತ್ತರಕ್ಕೆ, ಕಾರ್ಲಾ ಇಬ್ಬರನ್ನು ಕರೆದುಕೊಂಡು ದಕ್ಷಿಣಕ್ಕೆ. ಪೆರಿ ಬಿದ್ದಿದ್ದದ್ದು ದಕ್ಷಿಣದಲ್ಲಿ. ಅಲ್ಲಿಗೆ ಹೋಗಲು ಅರ್ಧ ಮೈಲಿ ಪಕ್ಕೆಯನ್ನು ಅಡ್ಡ ದಾಟಬೇಕು. ಕಾರ್ಲಾ ಮುಕ್ಕಾಲು ಪಾಲು ದಾಟಿದಳು, ಅಷ್ಟರಲ್ಲಿ ತೋಳುಗಳು ಸೋತು ಬೈಕು ಎರಡು ಸಲ ಕೆಳಕ್ಕೆ ಉರುಳಿತು. ಬೆಳಕು ಹೋಗುತ್ತಿತ್ತು. ಹಿಂದಿದ್ದ ಇಬ್ಬರ ಜೀವವೂ ಅವಳ ಕೈಯಲ್ಲಿತ್ತು. ವಾಪಸಾದಳು. ಮರುದಿನ ಬೆಳಿಗ್ಗೆ ಅದೇ ಪಕ್ಕೆಯನ್ನು ಡೆಲ್ಮರ್ ಸಲೀಸಾಗಿ ದಾಟಿ ಪೆರಿಯನ್ನು ಹೊತ್ತು ತಂದ. ಜೀವ ಉಳಿಯಿತು. ರಾತ್ರಿಯ ಚಳಿಗೆ ಮರಗಟ್ಟಿದ ಎರಡೂ ಪಾದಗಳ ಮುಂಭಾಗ ಉಳಿಯಲಿಲ್ಲ.

ಪೆರಿ ಈಗ ಬೀದಿ ಸುತ್ತಿ ಅಂಚೆ ಹಂಚುವುದಿಲ್ಲ, ಕಚೇರಿಯ ಕಿಟಕಿಯ ಹಿಂದೆ ಕೂರುತ್ತಾನೆ. ಡೆಲ್ಮರ್ ಪತ್ರ ಕೇಳಲು ಹೋದಾಗಲೆಲ್ಲ ಕೈ ಕುಲುಕಿ ಕೃತಜ್ಞತೆ ಹೇಳುತ್ತಿದ್ದ. ಡೆಲ್ಮರ್ ಅದನ್ನೂ ಸ್ವೀಕರಿಸಿಕೊಂಡು ಬರುತ್ತಿದ್ದ. ಕಾರ್ಲಾ ಒಂದು ಮಧ್ಯಾಹ್ನ ಬಸ್ಸನ್ನು ಶೆಡ್ಡಿನ ಮುಂದೆ ನಿಲ್ಲಿಸಿ ಒಳಗೆ ಬಂದಳು. ತನ್ನ ತೋಳಲ್ಲಿ ಕಸುವಿಲ್ಲದ್ದಕ್ಕೆ ಒಬ್ಬನ ಪಾದ ಹೋಯಿತು, ತಂಡ ಬಿಟ್ಟುಬಿಡುತ್ತೇನೆ ಎಂದು ಅತ್ತಳು. ಆಗ ಡೆಲ್ಮರನ ಬೈಕು ಅವಳಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿತ್ತು. ಅವನು ಎದ್ದು ಅವಳಿಗೆ ಕಾಫಿ ಬಗ್ಗಿಸಿ ಕೊಟ್ಟ.

“ತೂಕ ಎತ್ತೋಕೆ ಶುರು ಮಾಡು. ಬೇಸಿಗೆ ಹೊತ್ತಿಗೆ ಸರಿ ಹೋಗ್ತೀಯ,” ಎಂದ.

ಅವಳು ನಂಬಿದಳು. ಆರು ತಿಂಗಳು ದಿನಾ ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ತೂಕ ಎತ್ತಿದಳು. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಈ ವರ್ಷ ನವೆಂಬರಿನಲ್ಲಿ ಡೆಲ್ಮರ್ ಐದು ಹೊಸ ಹಿಡಿಕೆಗಳನ್ನು ಬಟ್ಟೆಯಲ್ಲಿ ಸುತ್ತಿ ಸಭೆಗೆ ತಂದ. ಮನಸ್ಸು ಚುಚ್ಚಿತೋ, ಭುಜ ಪೂರ್ತಿ ಸೋತಿತೋ, ಎರಡೂ ಇರಬಹುದು. ಬೇಸಿಗೆಯಲ್ಲಿ ಹೊಳೆದ ಉಪಾಯ ಎಂದ. ತಾನೇ ಒಂದೊಂದನ್ನೂ ಕೂರಿಸಿದ, ಏಣು ಅರೆದ, ಪಟ್ಟಿ ಸಡಿಲಿಸಿ ಓಡಿಸಿ ನೋಡಿದ. ಎಲ್ಲರೂ ಅವನ ಬೆನ್ನು ತಟ್ಟಿದರು. ಕಾರ್ಲಾ ಶೆಡ್ಡಿನ ಸುತ್ತ ಒಂದು ಸುತ್ತು ಹೊಡೆದು ಬಂದು, ಇದು ಬೈಕೋ ಮಕ್ಕಳ ಸೈಕಲ್ಲೋ ಎಂದು ನಕ್ಕಳು. ತನ್ನ ಬೈಕಿನ ಹಳೆಯ ತುಂಡನ್ನೂ ಬದಲಾಯಿಸಬೇಕೆಂದು ಡೆಲ್ಮರನಿಗೆ ಹೊಳೆಯಲೇ ಇಲ್ಲ. ತಾರೀಖು ಒತ್ತುವುದು ಅವನಿಗೆ ಉಸಿರಾಡಿದಷ್ಟು ಸಹಜ, ಒತ್ತಿದ್ದು ನೆನಪಿನಲ್ಲೂ ಇರುತ್ತಿರಲಿಲ್ಲ.

ಡಿಸೆಂಬರಿನ ಶನಿವಾರ ಕಾರ್ಲಾ ಹಾರ್ಸ್‌ಬ್ಯಾಕನ್ನು ಒಂದೂ ಸುಂಕ ಕಟ್ಟದೆ ದಾಟಿದಳು. ಡೆಲ್ಮರ್ ಎರಡು ಕಟ್ಟಿದ. ವಾಡಿಕೆಯಂತೆ ಅವಳು ಅವನ ಬೈಕನ್ನೇರಿ ಕೆಳಗಿಳಿದಳು. ಟ್ರಕ್ಕಿಗೆ ಹತ್ತಿಸುವ ಮುಂಚೆ ಎಲ್ಲರೂ ಮಾಡುವ ಹಾಗೆ ಬೈಕನ್ನು ಪಕ್ಕಕ್ಕೆ ಮಲಗಿಸಿ, ಸ್ಕೀಗೆ ಅಂಟಿದ ಮಂಜುಗಡ್ಡೆಯನ್ನು ಬೂಟಿನ ಹಿಮ್ಮಡಿಯಿಂದ ಒದ್ದು ಉದುರಿಸಿದಳು. ಹಿಡಿಕೆಯ ಬೆನ್ನು ಕಂಡಿತು. ಬಗ್ಗಿ ಕೈಗವಸಿನಿಂದ ಒರೆಸಿ ಓದಿದಳು. ಹೋದ ವರ್ಷದ ಅಕ್ಟೋಬರ್ ಎಂದಿತ್ತು.

“ಇದನ್ನ ಬೇಸಿಗೇಲಿ ಮಾಡ್ದೆ ಅಂದಿದ್ದೆ ನೀನು,” ಎಂದಳು.

ಡೆಲ್ಮರ್ ಟ್ರಕ್ಕಿನ ಹಗ್ಗ ಬಿಡಿಸತೊಡಗಿದ.

“ಪೆರಿ ಬಿದ್ದಾಗ ಇದು ನಿನ್ ಬೈಕಲ್ಲಿ ಇತ್ತಾ?”

“ಇತ್ತು.”

“ನಾನು ನಿನ್ ಶೆಡ್ಡಲ್ಲಿ ಕೂತು ಅಳ್ತಿದ್ದಾಗ?”

“ಇತ್ತು.” ಆಮೇಲೆ ಅವನು ಹೇಳಬಾರದ್ದನ್ನೂ ಹೇಳಿದ. “ಇದು ನಿನ್ ಹತ್ರ ಇದ್ದಿದ್ರೂ ಅವತ್ತು ನೀನು ದಾಟ್ತಿದ್ದೆ ಅಂತ ಏನು ಗ್ಯಾರಂಟಿ, ಕಾರ್ಲಾ?”

“ಗ್ಯಾರಂಟಿ ಇಲ್ಲ. ಅದನ್ನ ತಿಳ್ಕೊಳ್ಳೋ ದಾರೀನೂ ನೀನೇ ಮುಚ್ಚಿಟ್ಟೆ.” ಅವಳ ದನಿ ಏರಲಿಲ್ಲ. “ಮುಂದಾಳಿನ ಜಾಗಕ್ಕೆ ತಾನೇ ಇಷ್ಟೆಲ್ಲ? ನೀನೇ ಇಟ್ಕೊ. ನಿನ್ ಹಿಂದೆ ನಾನು ಬರಲ್ಲ.”

ಮಾತು ಅಲ್ಲಿಗೆ ಮುಗಿಯಿತು. ಉಳಿದ ನಾಲ್ವರು ತಮ್ಮ ತಮ್ಮ ಬೈಕುಗಳ ಹಗ್ಗ ಬಿಗಿಯುತ್ತ ನಿಂತರು. ಸೋಮವಾರದ ಹೊತ್ತಿಗೆ ಸುದ್ದಿ ಅಂಚೆ ಕಚೇರಿಯ ಕಿಟಕಿಯನ್ನೂ ಮುಟ್ಟಿತ್ತು.

ಹತ್ತು ದಿನದ ಮೇಲೆ ಕರೆ ಬಂತು. ಬೇಟೆಗೆ ಹೋದ ಹೊರ ಊರಿನವನೊಬ್ಬ ವಾಪಸಾಗಿರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಆರೂ ಜನ ಬೆಟ್ಟದ ಬುಡದಲ್ಲಿ ಸೇರಿದರು. ಕಾರ್ಲಾ ಇಬ್ಬರನ್ನು ಕರೆದುಕೊಂಡು ಎಡಗಡೆಯ ಕಣಿವೆ ಹಿಡಿದಳು. ಬಲಗಡೆಗೆ ಡೆಲ್ಮರ್, ಅವನ ಜೊತೆ ತಂಡದ ಇನ್ನಿಬ್ಬರು, ಸ್ಟೋಕ್ಸ್ ಅಣ್ಣತಮ್ಮಂದಿರು. ಅವನು ಮುಂದೆ ಹೋಗಿ ನಿಂತ, ಕೈಯೆತ್ತಿ ಸನ್ನೆ ಮಾಡಿದ, ಮೂವತ್ತು ಗಜ ಜಾಡು ಕೊರೆದು ತಿರುಗಿ ನೋಡಿದ. ಅಣ್ಣತಮ್ಮಂದಿರು ಎಂಜಿನ್ ಆನ್ ಮಾಡಿಕೊಂಡು ನಿಂತಲ್ಲೇ ನಿಂತಿದ್ದರು. ಅವನು ಮತ್ತೆ ಕೈಯೆತ್ತಿದ. ದೊಡ್ಡವನು ತಲೆ ತಗ್ಗಿಸಿ ಹ್ಯಾಂಡಲನ್ನೇ ನೋಡುತ್ತಿದ್ದ. ಚಿಕ್ಕವನು ನೇರವಾಗಿ ಡೆಲ್ಮರನನ್ನೇ ನೋಡುತ್ತಿದ್ದ. ಹಿಮ ಬೀಳತೊಡಗಿತ್ತು. ಮೇಲೆ ಎಲ್ಲೋ ಒಬ್ಬ ಮನುಷ್ಯ ಕಾಯುತ್ತಿದ್ದ.

ಡೆಲ್ಮರ್ ಎಂಜಿನ್ ಆರಿಸಿದ. ಬೈಕಿನಿಂದ ಇಳಿಯುವುದರೊಳಗೆ ಇಬ್ಬರೂ ಹೊರಟು ಬಂದರು. ಅವನನ್ನು ಬಳಸಿಕೊಂಡು ಮುಂದೆ ಹೋಗಲು ಒಬ್ಬ ಎಡಕ್ಕೆ ತಿರುಗಿಸಿದ, ಒಬ್ಬ ಬಲಕ್ಕೆ. ಇಬ್ಬರ ಹ್ಯಾಂಡಲೂ ಎರಡು ಬೆರಳಿಗೆ ತಿರುಗಿತು.